ಪೀರಬಿಯ ಇದ್ದತ್ತು

ಐವತ್ತೆಂಟನೆಯ ಇಸವಿಯಲ್ಲಿ ಇಂಡಿ ಊರಿನ ಕೋರ್ಟು ಬಂದಗಿಸಾಬನ ಮನೆಯನ್ನು ಹರಾಜು ಹಾಕಿತು. ಸಾಲ ಅವನದಲ್ಲ, ಗೆಳೆಯನದು. ಜಾಮೀನು ನಿಂತ ಪುಣ್ಯಾತ್ಮ ಇವನು! ಮೂವತ್ತು ದಿನದೊಳಗೆ ಕೋರ್ಟಿಗೆ ಪೂರ್ತಿ ರೊಕ್ಕ ಕಟ್ಟಿದರೆ ಹರಾಜು ರದ್ದಾಗಿ ಮನೆ ಉಳಿಯುತ್ತದೆ ಎಂದು ವಕೀಲರು ಹೇಳಿದ್ದರು. ಹೆಂಡತಿ ಪೀರಬಿ ತನ್ನ ಕೈಯ ಬಂಗಾರದ ಪಾಟ್ಲಿ ಬಿಚ್ಚಿಕೊಟ್ಟಳು. ಆ ಮನೆ ಕಟ್ಟುವಾಗ ಗಂಡನ ಜೋಡಿ ಕಲ್ಲು ಹೊತ್ತವಳು ಅವಳು, ಬಿಡುತ್ತಾಳೆಯೇ? ಪಾಟ್ಲಿ ಮಾರಿ ರೊಕ್ಕ ಹೊಂದಿಸಿದ್ದಾಯಿತು. ಆದರೆ ಕಟ್ಟಲು ಹೊರಟ ಬಂದಗಿಸಾಬ ಚಪ್ಪಲಿ ಮೆಟ್ಟುವಾಗಲೇ ಕುಸಿದುಬಿದ್ದು ಸತ್ತ.

ಪೀರಬಿ ಒಳಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತು ಕೂರಬೇಕು, ಗಂಡನ ಮನೆಯ ಹೊಸ್ತಿಲು ದಾಟಬಾರದು. ಆ ಓಣಿಯ ಹೆಂಗಸರೆಲ್ಲ ಹಾಗೇ ಕೂತವರು. ರೊಟ್ಟಿ ಕೊಟ್ಟರೆ ತಿಂದಳು, ಕೊಡದಿದ್ದರೆ ಕೇಳಲಿಲ್ಲ. ದುಃಖವೂ ಸರಿಯಾಗಿ ತಟ್ಟಲಿಲ್ಲ, ಮೈಯೆಲ್ಲ ಜೋಮು ಹಿಡಿದಂತಿತ್ತು.

ವಕೀಲರ ಗುಮಾಸ್ತ ಚಂದಪ್ಪ ಪಡಸಾಲೆಗೆ ಬಂದು ಪರದೆಯಾಚೆ ನಿಂತ.

“ಪೀರಬಿಅಕ್ಕಾ, ವಾಯಿದೆ ಮುಗಿಯಾಕ ಬಂದೈತಿ. ಈಗ ಮನಿ ವಾರಸದಾರರು ನೀವ. ಒಮ್ಮಿ ಕೋರ್ಟಿಗೆ ಬಂದು ಹೆಬ್ಬೆಟ್ಟು ಒತ್ತಿ ರೊಕ್ಕಾ ಕಟ್ಟಿ ಹೋಗ್ರಿ. ಎರಡು ಓಣಿ ದಾಟಿದ್ರ ಆತು.”

ಪಕ್ಕದ ಮನೆಯಲ್ಲಿದ್ದ ಬಂದಗಿಸಾಬನ ಚಿಕ್ಕಮ್ಮ ರಹಿಮಾಬಿ ಸಿಡಿದೆದ್ದು ಬಂದಳು. “ನಾಚಿಕಿ ಬರೂದಿಲ್ಲೇನೋ ನಿನಗ? ಗೋರಿ ಮಣ್ಣು ಇನ್ನಾ ಹಸಿ ಐತಿ. ನಮ್ಮ ಸೊಸಿ ಕಚೇರಿ ಮೆಟ್ಲ ಹತ್ತಬೇಕೇನು?”

“ಪೀರಬಿಅಕ್ಕಾ, ನೀವಾರ ಹೇಳ್ರಿ.”

“ಇದ್ದತ್ತು ಮುಗೀಲಿ ತಮ್ಮಾ, ಬರ್ತೇನಿ,” ಎಂದಳು ಪೀರಬಿ.

“ಅಷ್ಟೊತ್ತಿಗೆ ಮನಿ ಇರಂಗಿಲ್ರಿ!”

ಅದು ಅವಳಿಗೆ ಕೇಳಿಸಿತು. ರೊಕ್ಕದ ಗಂಟು ತೊಡೆಯ ಕೆಳಗೇ ಇತ್ತು. ಆದರೂ ಏಳಲಿಲ್ಲ. ಚಂದಪ್ಪ ಮತ್ತೊಮ್ಮೆ ಬಂದು ಬಯ್ದು ಹೋದ. ಆಮೇಲೆ ಅವನೂ ಬೇಸತ್ತು ಬಿಟ್ಟ.

ವಾಯಿದೆ ತೀರಿತು. ಹರಾಜು ಕಾಯಂ ಆಗಿ, ಒಂದು ಮಧ್ಯಾಹ್ನ ಮನೆ ಖಾಲಿ ಮಾಡಿಸಲು ಕೋರ್ಟಿನ ಬೇಲೀಫ ಬಾಗಿಲಿಗೆ ಬಂದ. ಪಾಪ, ಅವನೇನು ಒರಟನಲ್ಲ. “ಹೊರಗ ಬರ್ರಿ ಅವ್ವಾ,” ಎಂದ. ಇದ್ದತ್ತು ಅರ್ಧವೂ ಕಳೆದಿರಲಿಲ್ಲ. ಪೀರಬಿ ಗಂಟು ಎತ್ತಿಕೊಂಡು ಹೊಸ್ತಿಲು ದಾಟಿದಳು. ರಹಿಮಾಬಿಯೇ ಅವಳ ಕೈಹಿಡಿದು ಪಕ್ಕದ ತನ್ನ ಮನೆಗೆ ಕರೆದೊಯ್ದಳು.

ಸುದ್ದಿ ತಿಳಿದು ಕಾಜಿಗಳು ರಹಿಮಾಬಿಯ ಮನೆಗೆ ಬಂದರು.

“ಮನಿ ಹ್ಯಾಂಗ ಹೋತು ತಂಗಿ? ರೊಕ್ಕಾ ಇರಲಿಲ್ಲೇನು?”

“ಇತ್ರಿ. ನಾ ಇದ್ದತ್ತಿನ್ಯಾಗ ಇದ್ದೆ.”

ಕಾಜಿಗಳು ಹಣೆ ಹಣೆ ಬಡಿದುಕೊಂಡರು. “ಅಯ್ಯೋ ಹುಚ್ಚೀ! ಇಂಥಾ ಜರೂರಿಗೆ ಹಗಲಾಗ ಹೋಗಿ ಹೊತ್ತು ಮುಣುಗೂದ್ರಾಗ ಮನಿಗೆ ಬರಾಕ ಅಡ್ಡಿನ ಇಲ್ಲ. ನನ್ನ ಒಂದ ಮಾತು ಕೇಳಬಾರದಾಗಿತ್ತೇನು?”

ರಹಿಮಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪೀರಬಿ ರೊಕ್ಕದ ಗಂಟನ್ನು ಕಾಜಿಗಳ ಮುಂದಿಟ್ಟಳು.

“ಉಳಿದ ಇದ್ದತ್ತು ಗಂಡನ ಮನ್ಯಾಗ ಕುಂಡ್ರಬೇಕಲ್ರಿ,” ಎಂದಳು. “ಈಗ ನಾ ಎಲ್ಲಿ ಕುಂಡ್ರಲಿ?”