ಟೀಗೆ ಹೋಗುತ್ತಿದ್ದ ದೊಡ್ಡ ಡಾಕ್ಟ್ರು

ಶುಂಠಿ ಜಜ್ಜಿ ಹಾಕಿದ ಟೀ ವಾಸನೆ ಎಲ್ಲಿ ಬಂದರೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆ ನಮ್ಮ ಆಸ್ಪತ್ರೆಯಲ್ಲಿ ಆಯಾ ಲೋಟ ಹಿಡಿದು ಬಾಗಿಲಲ್ಲಿ ನಿಂತಾಗಲೂ ಹಾಗೇ ಆಯಿತು. ಒಳಗೆ ಸರ್ಜರಿ ಕಲಿಯುವ ಹುಡುಗಿಯೊಬ್ಬಳು ರೋಗಿ ಅಜ್ಜಿಯೊಬ್ಬರ ಎದೆಗೆ ಟ್ಯೂಬ್ ಹಾಕಲು ತಯಾರಾಗುತ್ತಿದ್ದಳು. ಅವಳ ಕೈ ಪಳಗಿದೆಯೋ ಇಲ್ಲವೋ ಎಂದು ನಾನು ಹೇಳಬೇಕಿತ್ತು. ಮನಸ್ಸು ಮಾತ್ರ ತರೀಕೆರೆಗೆ ಹೋಗಿಬಿಟ್ಟಿತ್ತು...

ನಾನು ಅಜ್ಜಂಪುರದವಳು. ಸರ್ಜರಿ ಕಲಿತದ್ದು ತರೀಕೆರೆಯಲ್ಲಿ. ಅಲ್ಲಿ ನಮ್ಮ ಗುರುಗಳಾಗಿದ್ದ ಹಿರಿಯ ಸರ್ಜನ್ನರನ್ನು ಊರೆಲ್ಲ ದೊಡ್ಡ ಡಾಕ್ಟ್ರು ಎನ್ನುತ್ತಿತ್ತು. ಆಳು ಮಾತ್ರ ಕುಳ್ಳು. ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೀರು ಎಲ್ಲಿ ನಿಂತಿದೆ ಎಂದು ಹೇಳುವುದನ್ನು ಕಲಿಸಲು ಕಡೂರಿನ ತಮ್ಮ ಮನೆಯ ಅಟ್ಟದಿಂದ ತೆಂಗಿನಕಾಯಿ ತರುತ್ತಿದ್ದರು. ಕಣ್ಣು ಮುಚ್ಚಿಕೊಂಡು ತಟ್ಟಬೇಕು. ನೀರಿರುವುದು ಯಾವುದು, ಒಣಗಿ ಕೊಬ್ಬರಿಯಾದದ್ದು ಯಾವುದು ಹೇಳಬೇಕು. ತಪ್ಪು ಹೇಳಿದವರು ಆ ಕಾಯಿ ಒಡೆದು, ಬೆಲ್ಲ ತಂದು ಎಲ್ಲರಿಗೂ ಹಂಚಬೇಕು. ಹಸಿವಾದಾಗ ನಮ್ಮಲ್ಲಿ ಯಾರಾದರೊಬ್ಬರು ಬೇಕೆಂದೇ ತಪ್ಪು ಹೇಳುತ್ತಿದ್ದದ್ದೂ ಉಂಟು.

ಪಕ್ಕೆಲುಬಿನ ಸಂದಿಯಲ್ಲಿ ಟ್ಯೂಬ್ ಇಳಿಸಿ ಎದೆಯಲ್ಲಿ ತುಂಬಿದ ನೀರನ್ನೋ ಗಾಳಿಯನ್ನೋ ಹೊರಗೆ ಬಿಡುವುದು ಮಾತ್ರ ಹುಡುಗಾಟವಲ್ಲ. ಸ್ವಲ್ಪ ಆಚೀಚೆ ಆದರೂ ಜೀವಕ್ಕೇ ಸಂಚಕಾರ. ನಾವು ಮಾಡುವಾಗ ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ಪಕ್ಕದಲ್ಲೇ ನಿಲ್ಲುತ್ತಿದ್ದರು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಆದರೆ ಒಬ್ಬರ ಕೈ ಮೇಲೆ ನಂಬಿಕೆ ಬಂತು ಎಂದರೆ, ಕೆಲಸ ಅರ್ಧದಲ್ಲಿರುವಾಗಲೇ ಮೆಲ್ಲಗೆ ವರಾಂಡಕ್ಕೆ ಹೋಗಿ ಶುಂಠಿ ಟೀ ತರಿಸಿಕೊಳ್ಳುತ್ತಿದ್ದರು. ಕರೆದರೆ ಕೇಳುವಷ್ಟೇ ದೂರ. ಅದೇ ನಮಗೆ ಸರ್ಟಿಫಿಕೇಟು. 'ನಿನಗೆ ಟೀ ಆಯ್ತಾ' ಎಂದು ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು.

ಎಲ್ಲರಿಗೂ ಟೀ ಆಯಿತು. ನನಗೆ ಆಗಲಿಲ್ಲ.

ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುವವನೊಬ್ಬನಿಗೆ ಹೋರಿ ತಿವಿದು ಪಕ್ಕೆ ಮುರಿದಿತ್ತು. ಟ್ಯೂಬ್ ಹಾಕುವ ಸರದಿ ನನ್ನದು. ಎಲ್ಲೂ ತಪ್ಪಲಿಲ್ಲ. ಟ್ಯೂಬಿನ ಇನ್ನೊಂದು ತುದಿ ಮುಳುಗಿಸಿದ್ದ ಬಾಟಲಿಯ ನೀರಿನಲ್ಲಿ ಗುಳ್ಳೆ ಎದ್ದವು, ಆತನ ಉಸಿರು ಹಗುರಾಯಿತು. ದೊಡ್ಡ ಡಾಕ್ಟ್ರು ನಿಂತಲ್ಲಿಂದ ಕದಲಿರಲಿಲ್ಲ. ನನಗೆ ಅಳು ಬಂತು. ಕಾರಿಡಾರಿನಲ್ಲಿ ಹಿಡಿದು ಕೇಳಿಯೇಬಿಟ್ಟೆ, ನನ್ನ ಕೈಯಲ್ಲಿ ಏನು ಕೊರತೆ ಎಂದು.

"ಕೈಯಲ್ಲೇನೂ ಇಲ್ಲ ಕಣಮ್ಮ," ಎಂದರು. "ನೀನು ಮಾತ್‌ಮಾತಿಗೂ ನನ್ ಮುಖ ನೋಡ್ತೀಯ. ಅವನು ಹಲ್ಲು ಕಚ್ಕೊಂಡ್ ಮಲಗಿದ್ನಲ್ಲ, ಅವನ್ ಮುಖ ಒಂದ್ಸಲನಾದ್ರೂ ನೋಡಿದ್ಯಾ? ನಾನ್ ಆಚೆ ಹೋದ್ರೆ ನೀನ್ ಯಾರ್ ಮುಖ ನೋಡ್ತೀಯ?"

ಆಮೇಲೆ ನಾನು ತಿದ್ದಿಕೊಂಡೆ. ಆದರೆ ಅದನ್ನು ಅವರು ನೋಡುವ ಮೊದಲೇ ನಿವೃತ್ತರಾಗಿ ಕಡೂರಿಗೆ ಹೋದರು. ಪಾಸಾದೆ, ಹೆಸರೂ ಬಂತು. ಆದರೂ ಪ್ರತಿ ಸಲ ಟ್ಯೂಬ್ ಹಾಕುವಾಗ ವರಾಂಡದ ಕಡೆಗೊಂದು ಕಿವಿ ಇದ್ದೇ ಇರುತ್ತಿತ್ತು. ಯಾಕೆ ಎಂದು ಯಾರಿಗೆ ಹೇಳಲಿ...

ವರ್ಷಗಳ ಮೇಲೆ ಅವರೇ ನಮ್ಮ ಆಸ್ಪತ್ರೆಗೆ ಬಂದರು, ರೋಗಿಯಾಗಿ. ಎದೆಯಲ್ಲಿ ನೀರು ತುಂಬಿ ಮಾತಿಗೊಮ್ಮೆ ಏದುಸಿರು. ಆ ನೀರಿನ ಹಿಂದಿದ್ದ ಕಾಯಿಲೆ ಗುಣವಾಗುವಂಥದ್ದಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಟ್ಯೂಬ್ ನಾನೇ ಹಾಕಬೇಕೆಂದು ಅವರೇ ಹೇಳಿದರಂತೆ. ಕೈ ತಲೆಯ ಮೇಲಿಟ್ಟುಕೊಂಡು ಒರಗಿದರು. ಬೆರಳಿಟ್ಟು ತಟ್ಟಿದೆ, ನೀರು ತುಂಬಿದ ಕಾಯಿಯ ಅದೇ ಮಂಕು ಸದ್ದು. ಮರಗಟ್ಟಿಸುವ ಸೂಜಿ ಚುಚ್ಚುವಾಗ ಅವರ ಮುಖ ನೋಡಿದೆ. ಚರ್ಮ ಕೊಯ್ಯುವಾಗ ಮತ್ತೆ ನೋಡಿದೆ. ಹುಬ್ಬು ಗಂಟಿಕ್ಕಿದಾಗ ಕೈ ತಡೆದು, ನೋವಾಯ್ತಾ ಸರ್ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ನರ್ಸಿನ ಕಡೆ ತಿರುಗಿದರು.

"ಸಿಸ್ಟರ್, ಆಚೆ ನಮ್ಮನೆಯವಳು ಕೂತವ್ಳೆ. ನಂಗೊಂದು ಟೀ ತರ್ಸೋಕೆ ಹೇಳಮ್ಮ."

ಹೇಳಿ ಕಣ್ಣು ಮುಚ್ಚಿಕೊಂಡರು. ಟ್ಯೂಬ್ ಇನ್ನೂ ನನ್ನ ಕೈಯಲ್ಲೇ ಇತ್ತು. ಮಾಸ್ಕಿನೊಳಗೆ ಕಣ್ಣೀರು ಇಳಿಯುತ್ತಿದ್ದಂತೆಯೇ ಅದನ್ನು ಒಳಗಿಳಿಸಿದೆ. ಆಮೇಲೆ ಎರಡು ಗುಟುಕು ಕುಡಿದರು, ಶುಂಠಿ ಸಾಲದು ಎಂದರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಮೊನ್ನೆಯ ಹುಡುಗಿ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. "ಅಜ್ಜೀ, ಈಗೊಂಚೂರು ಒತ್ತಿದಂಗಾಗುತ್ತೆ, ಹೆದ್ರಬೇಡಿ" ಎಂದು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ನಾನು ಆಯಾಳ ಕೈಯಿಂದ ಲೋಟ ತೆಗೆದುಕೊಂಡು ವರಾಂಡಕ್ಕೆ ಬಂದೆ. 'ಹುಡುಗಿಗೆ ಟೀ ಆಯ್ತು ಸರ್' ಎಂದು ದೊಡ್ಡ ಡಾಕ್ಟ್ರಿಗೆ ಹೇಳಬೇಕೆನಿಸಿತು, ಪಕ್ಕಕ್ಕೆ ತಿರುಗಿಯೂ ಬಿಟ್ಟೆ. ಅಲ್ಲಿ ಗೋಡೆ ಇತ್ತು... ಒಬ್ಬಳೇ ನಿಂತು ಕುಡಿದೆ.