ಕಬ್ಬಿಣದ ಆ ತುದಿ ಹಿಡಿದವನು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದಕ್ಕಾಗಿ ಯಾರೆದುರೂ ತಲೆ ತಗ್ಗಿಸಿದವನಲ್ಲ. ಇಪ್ಪತ್ತು ತುಂಬುವ ಮೊದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದೆ. ಕುಲುಮೆಯಿಂದ ಮರಳಿನ ಕಾಲುವೆಗಳಿಗೆ ಹರಿದು ಗಟ್ಟಿಯಾದ ಕಬ್ಬಿಣವನ್ನು ಎತ್ತಿ ವ್ಯಾಗನ್ನಿಗೆ ತುಂಬುವುದು ನಮ್ಮ ಕೆಲಸ. ಒಂದೊಂದು ಗಟ್ಟಿಗೂ ಇಬ್ಬರು ಬೇಕು, ಈ ತುದಿಗೊಬ್ಬ, ಆ ತುದಿಗೊಬ್ಬ. ಜೋಡಿ ಇಲ್ಲದವನಿಗೆ ಕೆಲಸವಿಲ್ಲ.

ನನ್ನ ಜೋಡಿ ಗಾಜನೂರಿನವನು, ನನಗಿಂತ ನಾಲ್ಕು ವರ್ಷ ದೊಡ್ಡವನು. ಆರು ವರ್ಷ ಒಟ್ಟಿಗೆ ಎತ್ತಿದೆವು. ಅವನ ಉಸಿರು ಕೇಳಿಯೇ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನನಗೆ ತಿಳಿಯುತ್ತಿತ್ತು.

ಒಂದು ದಿನ ಅವನು ಇನ್ನೂ ಬಿಸಿ ಆರದ ಗಟ್ಟಿಯನ್ನು ಬರಿಗೈಯಲ್ಲಿ ಹಿಡಿದುಬಿಟ್ಟ. ಅಂಗೈ ಬೊಬ್ಬೆ ಎದ್ದಿತ್ತು, ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಆ ಮಧ್ಯಾಹ್ನ ಟೀ ಅಂಗಡಿಯಲ್ಲಿ ನಾನೇ ಜಂಬ ಕೊಚ್ಚಿದೆ.

“ನೋಡ್ರಪ್ಪಾ, ಅಂಗೈ ಬೆಂದ್ರೂ ನನ್ನ ಜೋಡಿ ಅಯ್ಯೋ ಅಂದಿಲ್ಲ. ನೀವು ಸೊಳ್ಳೆ ಕಚ್ಚಿದ್ರೂ ರಜಾ ಹಾಕೋ ಮಂದಿ.”

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಮುದುಕನೊಬ್ಬ ಮಾತ್ರ ನಗಲಿಲ್ಲ. “ಉರೀನೇ ಗೊತ್ತಾಗ್ಲಿಲ್ವಾ ಅವನಿಗೆ? ಹಂಗಾದ್ರೆ ಅದು ಶಕ್ತಿ ಅಲ್ಲ ಮಾರಾಯ, ಕುಷ್ಠ,” ಅಂದ.

ಮಾರನೆಯ ದಿನದ ಹೊತ್ತಿಗೆ ಕೂಲಿ ಲೈನಿಗೆಲ್ಲ ಗೊತ್ತಾಗಿತ್ತು. ನನ್ನ ಜೋಡಿ ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬಂದ. ಡಾಕ್ಟರು ಹೌದು ಎಂದಿದ್ದರು. ಈಗಷ್ಟೇ ಶುರುವಾಗಿದೆ, ವಾರವಾರ ಸೂಜಿ ಚುಚ್ಚಿಸಿಕೊಳ್ಳಬೇಕು, ಬರೀ ಮುಟ್ಟಿದರೆ ಅಂಟುವುದಿಲ್ಲ ಎಂದೂ ಹೇಳಿದ್ದರಂತೆ. ಆ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. “ನಾನಾಗಿ ಓಡಿಸಲ್ಲಪ್ಪಾ. ನೀನು ಎತ್ತಿದ್ರೆ ಅವನು ಇರ್ತಾನೆ. ನೀನು ಆಗಲ್ಲ ಅಂದ್ರೆ ಇನ್ಯಾರೂ ಅವನ ಜೊತೆ ಎತ್ತಲ್ಲ.”

“ಎತ್ತೀನಿ,” ಅಂದೆ. ಎಲ್ಲರಿಗೂ ಕೇಳುವ ಹಾಗೆಯೇ ಅಂದೆ.

ಎರಡು ತಿಂಗಳು ಎತ್ತಿದೆ. ಟೀ ಅಂಗಡಿಯಲ್ಲಿ ನನ್ನ ಲೋಟವನ್ನೂ ಬೇರೆ ಇಟ್ಟರು. ಕ್ಷೌರದವನು ಇವತ್ತು ಆಗಲ್ಲ, ನಾಳೆ ಬಾ ಎನ್ನತೊಡಗಿದ. ಆ ನಾಳೆ ಬರಲೇ ಇಲ್ಲ. ಅದನ್ನೆಲ್ಲ ತಡೆದುಕೊಂಡೆ. ಮನೆಯಲ್ಲಿ ಹೆಂಡತಿ, “ಆ ಕೈಲಿ ಮಗೂನ ಎತ್ಕೋಬೇಡಿ,” ಎಂದು ಬೇಡಿಕೊಳ್ಳುತ್ತಿದ್ದಳು. ದಿನಾ ಬೂದಿ ಹಾಕಿ ಕೈ ಉಜ್ಜಿದೆ, ಚರ್ಮ ಕಿತ್ತುಬರುವ ಹಾಗೆ. ಕೈ ಉಜ್ಜಿ ಸುಸ್ತಾದಷ್ಟು ಕಬ್ಬಿಣ ಎತ್ತಿಯೂ ಸುಸ್ತಾದವನಲ್ಲ ನಾನು.

ಕೊನೆಗೊಂದು ಬೆಳಿಗ್ಗೆ ಕೈಗೆ ಗೋಣಿ ಸುತ್ತಿಕೊಂಡು ನಿಂತೆ. ಬಿಸಿ ಇದ್ದರೆ ಎಲ್ಲರೂ ಸುತ್ತುತ್ತಾರೆ. ಅವತ್ತಿನವು ಹಿಂದಿನ ದಿನದ ಗಟ್ಟಿಗಳು, ಮಂಜು ಬಿದ್ದು ಕೊರೆಯುತ್ತಿದ್ದವು. ಅವನು ನನ್ನ ಕೈ ನೋಡಿದ. ಸಂಜೆಯವರೆಗೂ ಸರಿಯಾಗಿ ಎತ್ತಿದ. ಮಾರನೆಯ ದಿನ ಬರಲಿಲ್ಲ.

ಒಂದು ತಿಂಗಳು ಕಳೆದು, ರಜಾ ದಿನ ನೋಡಿ, ಶಿವಮೊಗ್ಗದ ರೈಲು ಹತ್ತಿದೆ. ಅವನು ಅಲ್ಲಿ ಅಕ್ಕನ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿದ್ದ. ದನಗಳನ್ನು ಬೇರೆ ಕಡೆ ಕಟ್ಟಿದ್ದರು.

“ಬಾ ಮಾರಾಯ. ಗೋಣಿ ತರ್ಲಿಲ್ವಾ?” ಅಂದ.

ನಾನು ಬಾಗಿಲಲ್ಲೇ ನಿಂತೆ.

“ಈಗ ಯಾರು ನಿನ್ನ ಜೋಡಿ?”

“ಸೇಲಂ ಕಡೆಯೋನು.”

“ಸಮ ಎತ್ತುತ್ತಾನಾ?”

“ಎಲ್ಲಿ! ಭಾರ ಎಲ್ಲ ನನ್ನ ಕಡೆಗೇ ಬಿಡ್ತಾನೆ.”

“ಬೈದು ಕಲಿಸು. ಸೊಂಟ ಹೋದ್ರೆ ಹೆಂಡ್ತಿ ಮಕ್ಳನ್ನ ಯಾರು ಸಾಕ್ತಾರೆ?”

ಮರಳಿ ಕರೆಯಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. “ವಾಪಸ್ ಬಾ. ಮೇಸ್ತ್ರಿ ಬೇಡ ಅನ್ನಲ್ಲ,” ಅಂದೆ.

“ನೀನು ಎತ್ತುತ್ತೀಯಾ? ಬರಿಗೈಲಿ?”

ಹ್ಞೂಂ ಅನ್ನಬೇಕೆಂದೇ ಇದ್ದೆ. ಮಗುವಿನ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅವನೇ ಎದ್ದು, “ಹೊರಡು, ರೈಲು ತಪ್ಪುತ್ತೆ,” ಅಂದ.

ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ಇಬ್ಬರಿಗೂ ಗೊತ್ತಿತ್ತು. ನಾನು ಹೊರಟೆ.