ಕೇಳಬಾರದು ಎಂಬ ಒಪ್ಪಂದ

ನನ್ನ ಮುಟ್ಟು ನಿಂತು ಎಷ್ಟು ಕಾಲವಾಯಿತು ಎಂದು ಮೊದಲ ಸಲ ಲೆಕ್ಕ ಹಾಕಲು ನೋಡಿದ್ದು ಚೆನ್ನೈನ ಟಿ. ನಗರದ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಅಪರಿಚಿತ ಹೆಂಗಸರ ನಡುವೆ ಚಾಪೆಯ ಮೇಲೆ ಕೂತು. ಲೆಕ್ಕ ಸಿಗಲಿಲ್ಲ. ಕಳೆದ ಮಳೆಗೆ ಮುಂಚೆಯೋ, ಆಮೇಲೋ.

ಅಲ್ಲಿಗೆ ನಾನು ಹೋದದ್ದೇ ಜಗಳಕ್ಕೆ. ಅಲ್ಲಿ ನಡೆಯುವ ಹೆಂಗಸರ ವ್ಯಾಯಾಮ ತರಗತಿಗೆ ಬಾ ಎಂದು ಆಫೀಸಿನ ಗೆಳತಿಯೊಬ್ಬಳು ಬೆನ್ನು ಬಿದ್ದಿದ್ದಳು. ಹೆಂಗಸಿನ ಮೈಗೆ ತಿಂಗಳುದ್ದಕ್ಕೂ ಅದರದೇ ಏರಿಳಿತ ಇದೆ, ಅದನ್ನು ಕೇಳಿಸಿಕೊಂಡು ಕೈಕಾಲು ಆಡಿಸಬೇಕು, ನೀನು ಮೆಷಿನ್ ಹಾಗೆ ಓಡ್ತೀಯ, ಇತ್ಯಾದಿ. ನಡುವೆ ಚಂದ್ರನ ಹೆಸರೂ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ಎದುರು ಪಕ್ಷ ತಾನಾಗಿ ಚಂದ್ರನನ್ನು ತಂದು ಕೈಗೆ ಕೊಟ್ಟರೆ ಬಿಡುವುದುಂಟೇ?

ಕಲಿಸುವಾಕೆ ಐವತ್ತು ದಾಟಿದ ತಮಿಳು ಹೆಂಗಸು, ಹಿಂದೆ ನೃತ್ಯ ಮಾಡುತ್ತಿದ್ದವರು. ನಾನು ನೇರವಾಗಿ ಕೇಳಿದೆ, ತಮಿಳಿನಲ್ಲೇ: "ಇಂಥ ವಾರ ಇಂಥ ವ್ಯಾಯಾಮ ಅನ್ನೋದಕ್ಕೆ ಪುರಾವೆ ಏನು?"

"ಗಟ್ಟಿ ಪುರಾವೆ ಇಲ್ಲಮ್ಮಾ."

"ಮತ್ತೆ ಚಂದ್ರ?"

"ಚಂದ್ರನ ಮಾತು ನಾನೆಲ್ಲಿ ಆಡಿದೆ? ಅದು ನಿಮ್ಮ ಗೆಳತಿಯದು. ಅವರಿಬ್ಬರನ್ನೂ ನನ್ನ ತಲೆಗೆ ಕಟ್ಟಬೇಡಿ." ಸುತ್ತ ಎಲ್ಲರೂ ನಕ್ಕರು. "ನಾನು ಚಾರ್ಟ್ ಕೊಡೋದಿಲ್ಲ. ಇವತ್ತು ಹೇಗಿದ್ದೀರಿ ಅಂತ ಕೇಳ್ತೀನಿ, ಅಷ್ಟೇ."

ಅವರು ಕೇಳುವ ರೀತಿ ಹೀಗಿತ್ತು. ಪಾಠ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಸ್ಥಿತಿ ಹೇಳಿ ಅದಕ್ಕೆ ತಕ್ಕ ಜಾಗ ಹಿಡಿಯಬೇಕು. ಮುಟ್ಟಾದವರು ದಿಂಬು ತಗೊಂಡು ಗೋಡೆ ಬದಿಗೆ. ಮೈ ಹಗುರವಾಗಿ ಕುಣಿಯಬೇಕು ಅನ್ನಿಸುವವರು ನಡುವೆ. ಮುಟ್ಟು ಹತ್ತಿರವಾಗಿ ಮೈ ಭಾರವಾದವರು ಕಿಟಕಿಯ ಕಡೆ. ಮುಟ್ಟು ನಿಂತುಹೋದವರು ಬಾಗಿಲ ಬಳಿ. "ನಮ್ಮನ್ನ ಯಾಕೆ ಬಾಗಿಲಿಗೆ ಕೂರಿಸಿದಾರೆ ಗೊತ್ತಾ? ಬಾತ್‌ರೂಮ್ ಅಲ್ಲೇ ಪಕ್ಕದಲ್ಲಿದೆ," ಎಂದು ಬಿಳಿಗೂದಲಿನ ಅಜ್ಜಿಯೊಬ್ಬರು ನಗಿಸಿದರು.

ನನಗೆ ನಗು ಬರಲಿಲ್ಲ. ನಿಜ ಹೇಳುವುದಾದರೆ ನಾನು ಹೋಗಿ ಆ ಅಜ್ಜಿಯ ಪಕ್ಕ ಕೂರಬೇಕಿತ್ತು. ಮೂವತ್ತು ಇನ್ನೂ ದೂರವಿತ್ತು ನನಗೆ. "ಮೈ ಹಗುರ ಇದೆ," ಎಂದು ಹೇಳಿ ನಡುವೆ ಹೋಗಿ ನಿಂತೆ. ಯಾವ ಪಕ್ಷ ಕೊಟ್ಟರೂ ದನಿ ನಡುಗದೆ ವಾದಿಸಲು ಕಲಿತವಳಿಗೆ ಇದೇನು ಮಹಾ ಸುಳ್ಳು?

ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮದು ಉಡುಪಿ ಕಡೆಯಿಂದ ತಾತನ ಕಾಲದಲ್ಲಿ ಮದರಾಸಿಗೆ ಬಂದು ಹೋಟೆಲ್ ಇಟ್ಟ ಮನೆ. ಅಮ್ಮ ಇವತ್ತಿಗೂ ಆ ಮೂರು ದಿನ ಅಡುಗೆಮನೆ ಮುಟ್ಟದೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುತ್ತಾಳೆ. ಹೈಸ್ಕೂಲಿನಲ್ಲಿದ್ದಾಗ ನಾನು ಇದರ ವಿರುದ್ಧ ಪಡಸಾಲೆಯ ನಡುವೆ ನಿಂತು, ಬಂದ ನೆಂಟರ ಎದುರೇ ಅಪ್ಪನ ಜೊತೆ ವಾದಕ್ಕೆ ಇಳಿದಿದ್ದೆ. ಊಟದ ಹೊತ್ತಿಗೆ ಅಪ್ಪ ಸೋತು "ಪೋದುಂ, ಸಾಕು ಮಾರಾಯ್ತಿ, ನಿಂಗೆ ಬೇಕಾದ ಹಾಗೆ ಮಾಡು" ಅಂದರು. ಆಗ ಆದ ಒಪ್ಪಂದ: ನಾನು ದೂರ ಕೂರುವುದಿಲ್ಲ, ಮುಟ್ಟಾಯಿತೇ ಎಂದು ಈ ಮನೆಯಲ್ಲಿ ಯಾರೂ ನನ್ನನ್ನು ಕೇಳಬಾರದು. ಅಮ್ಮ ಅದನ್ನು ಒಮ್ಮೆಯೂ ಮುರಿಯಲಿಲ್ಲ.

ಆ ವಾದದಲ್ಲಿ ನಾನು ಹೇಳಿದ್ದು ಸರಿ ಎಂದೇ ಇವತ್ತಿಗೂ ಹೇಳುತ್ತೇನೆ. ಆದರೆ ಗೆದ್ದ ಮೇಲೆ ಆ ಹಟ ತಾನಾಗಿ ಬೆಳೆಯಿತು. ಮುಟ್ಟಿನ ದಿನ ಮಲಗುವುದೆಂದರೆ ಅಪ್ಪನಿಗೆ ಸೋತ ಹಾಗೆ. ಹೊಟ್ಟೆ ಹಿಂಡುವ ದಿನವೇ ಮರೀನಾ ಬೀಚಿನಲ್ಲಿ ಇನ್ನಷ್ಟು ದೂರ ಓಡುತ್ತಿದ್ದೆ. ದೊಡ್ಡ ಓಟವೊಂದಕ್ಕೆ ತಯಾರಿ ಶುರುವಾದ ಮೇಲೆ ಊಟ ಇಳಿಸಿದೆ, ತೂಕ ಇಳಿದರೆ ವೇಗ ಏರುತ್ತದೆ ಎಂದು. ಮುಟ್ಟು ನಿಂತಾಗ, ಸದ್ಯ, ಒಂದು ರಗಳೆ ತಪ್ಪಿತು ಅಂದುಕೊಂಡೆ. ಅದರ ಬಗ್ಗೆ ಒಂದು ಸಲ ಫೋನಿನಲ್ಲಿ ಹುಡುಕಿ, ಮೊದಲ ಪ್ಯಾರಾ ಓದಿ, ಮುಚ್ಚಿಟ್ಟೆ. ಎಲ್ಲದಕ್ಕೂ ಪುರಾವೆ ಕೇಳುವವಳು ಇದೊಂದಕ್ಕೆ ಕೇಳಲಿಲ್ಲ. ಹೆದರಿಕೆ ಆಗಲೇ ಒಳಗೆ ಬಂದು ಕೂತಿತ್ತು.

ಆ ತರಗತಿಗೆ ಮತ್ತೆ ಮತ್ತೆ ಹೋದೆ. ಜಗಳ ಮುಗಿದಿಲ್ಲ ಎಂಬ ನೆವ. ಪ್ರತಿ ಸಲವೂ ನಡುವೆ ನಿಂತೆ. ಕಣ್ಣು ಮುಚ್ಚಿ, ಮೈ ಯಾವ ಕಡೆ ಹೋಗಬೇಕು ಅನ್ನುತ್ತದೋ ಆ ಕಡೆ ಹೋಗಿ ಎಂದು ಕಲಿಸುವಾಕೆ ಹೇಳುತ್ತಿದ್ದರು. ಉಳಿದವರು ತೂಗುತ್ತಿದ್ದರು, ಬಾಗುತ್ತಿದ್ದರು. ನನ್ನ ಮೈ ಏನೂ ಅನ್ನುತ್ತಿರಲಿಲ್ಲ. ಅದು ನನಗೆ ಧ್ಯಾನದ ಮೌನದಂತೆ ಕೇಳಿಸಲಿಲ್ಲ. ಒಳಗಿನಿಂದ ಉತ್ತರವೇ ಬಾರದ ಮನೆಯ ಬಾಗಿಲು ತಟ್ಟಿದ ಹಾಗಿತ್ತು.

ಒಂದು ದಿನ ಹಾರಿ ಇಳಿದಾಗ ಬಲಗಾಲಿನ ಮುಂಗಾಲ ಮೂಳೆಯಲ್ಲಿ ಸೂಜಿ ಚುಚ್ಚಿದಂತಾಗಿ ಕೂತುಬಿಟ್ಟೆ. ಆಕೆ ಬಂದು ಪಕ್ಕದಲ್ಲಿ ಕೂತರು.

"ಎಷ್ಟು ದಿನದಿಂದ?"

"ಕಾಲು ನೋವಾ?"

"ಅದೂ ಹೇಳಿ. ಇನ್ನೊಂದೂ ಹೇಳಿ." ದನಿ ತಗ್ಗಿಸಿದರು. "ಬಂದಾಗಿನಿಂದ ನಡುವೆಯೇ ನಿಲ್ತಿದೀರ. ಯಾವ ಹೆಂಗಸೂ ತಿಂಗಳಿಡೀ ನಡುವೆ ಇರಲ್ಲಮ್ಮಾ."

ಸುಳ್ಳಿನಲ್ಲಿ ಕೂಡ ಒಂದೇ ವಾದಕ್ಕೆ ಅಂಟಿಕೊಂಡು ಸಿಕ್ಕಿಬಿದ್ದಿದ್ದೆ. "ಡಾಕ್ಟರ್ ಹತ್ತಿರ ಹೋಗಿ. ಇದು ನನ್ನ ಹತ್ತಿರ ಬರೋ ವಿಷಯ ಅಲ್ಲ," ಎಂದು ಕೈಹಿಡಿದು ಎಬ್ಬಿಸಿದರು.

ಮನೆಗೆ ಕುಂಟುತ್ತಾ ಬಂದಾಗ ಅಮ್ಮ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ: "ಅಮ್ಮಾ, ನಂಗೆ ಮುಟ್ಟಾಗ್ತಿಲ್ಲ."

"ಗೊತ್ತುಂಟು."

"ಹೇಗೆ?"

"ಸಾಮಾನು ತರುವುದು ಯಾರು? ಬಚ್ಚಲಲ್ಲಿ ಪ್ಯಾಡಿನ ಪ್ಯಾಕೆಟ್ ಒಡೆಯದೆ ಹಾಗೇ ಉಂಟು, ದೀಪಾವಳಿಯಿಂದ." ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಯಾರಾದ್ರೂ ಉಂಟಾ ಅಂತ ನಂಗೆ ಹೆದರಿಕೆ. ಉಂಟಾ?"

"ಅದಕ್ಕೆ ಇನ್ನೊಬ್ಬ ಬೇಕಲ್ಲಮ್ಮಾ. ನಂಜೊತೆ ಯಾರು ಅಷ್ಟು ಹೊತ್ತು ಕೂರ್ತಾರೆ?"

"ಅದೂ ಹೌದು," ಎಂದಳು. ನಗಲು ನೋಡಿದಳು, ಆಗಲಿಲ್ಲ. "ಮತ್ತೆ ಎಂತ ಆದದ್ದು ಮಗಾ?"

"ಗೊತ್ತಿಲ್ಲ. ನೀನು ಕೇಳ್ಬಹುದಿತ್ತು."

"ಕೇಳ್ಬೇಡ ಹೇಳಿದ್ದು ಯಾರು? ಅಪ್ಪನ ಹತ್ರ ಸಾಕ್ಷಿಗೆ ನನ್ನನ್ನೇ ನಿಲ್ಸಿದ್ದಿ. ಕೇಳಿದ್ರೆ ಮನೆ ಬಿಟ್ಟು ಹಾಸ್ಟೆಲಿಗೆ ಹೋಗ್ತೀಯೋ ಅಂತ ಸುಮ್ನೆ ಕೂತೆ." ಆಗ ನೋಡಿದೆ, ಅವಳ ಬೆರಳುಗಳು ಸೊಪ್ಪಿನ ದಂಟನ್ನೂ ಎಲೆಯನ್ನೂ ಒಂದೇ ರಾಶಿಗೆ ಹಾಕುತ್ತಿದ್ದವು. ಇಷ್ಟು ತಿಂಗಳು ನಾವಿಬ್ಬರೂ ಒಂದೇ ಮನೆಯಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ, ಒಂದೇ ವಿಷಯಕ್ಕೆ ಹೆದರಿಕೊಂಡು ಬದುಕಿದ್ದೆವು.

ಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ವಿವರಿಸಿದರು: ತಿನ್ನುವುದು ಕಡಿಮೆ, ಓಡುವುದು ಜಾಸ್ತಿ, ಇರುವಷ್ಟರಲ್ಲಿ ನಡೆಸಬೇಕೆಂದು ದೇಹ ಮುಟ್ಟನ್ನು ನಿಲ್ಲಿಸಿಬಿಟ್ಟಿದೆ, ಅದರಿಂದ ಮೂಳೆಯೂ ಸವೆಯುತ್ತಿದೆ. ಓಟ ಬಿಡಬೇಕು, ಹೊಟ್ಟೆ ತುಂಬ ತಿನ್ನಬೇಕು, ಕಾಯಬೇಕು.

"ವಾಪಸ್ ಬರುತ್ತಾ?" ಎಂದೆ.

"ಸಾಮಾನ್ಯವಾಗಿ ಬರುತ್ತೆ."

"ಸಾಮಾನ್ಯವಾಗಿ ಅಂದ್ರೆ?"

"ಅಂದ್ರೆ ಸಾಮಾನ್ಯವಾಗಿ."

ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದೆ. ಅಮ್ಮ ಮೇಜಿನ ಕೆಳಗೆ ತೊಡೆ ಚಿವುಟಿದಳು.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಕಣ್ಣು ತೆರೆದ ಕೂಡಲೇ ಕೈ ಹೊಟ್ಟೆಗೆ ಹೋಗುತ್ತಿತ್ತು. ತುಪ್ಪ, ಅನ್ನ, ಅಪ್ಪ ಹೋಟೆಲಿನಿಂದ ಕಳಿಸಿದ ಬನ್ಸ್, ಎಲ್ಲವನ್ನೂ ಔಷಧಿಯಂತೆ ನುಂಗಿದೆ. ತರಗತಿಯಲ್ಲಿ ಬಾಗಿಲ ಬಳಿಗೆ ಹೋದೆ. ಅಜ್ಜಿ ಏನೂ ಕೇಳದೆ ಚಾಪೆ ಸರಿಸಿಕೊಂಡು ಜಾಗ ಕೊಟ್ಟರು. ಮಲಗಿ ಉಸಿರಾಡಿದೆ, ಸೊಂಟವನ್ನು ಮೆಲ್ಲಗೆ ಆಡಿಸಿದೆ. ಚಂದ್ರನನ್ನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ನನ್ನದೇ ದೇಹ ನನ್ನ ಜೊತೆ ಮಾತು ಬಿಟ್ಟಿದೆ ಎಂಬುದು ನಂಬಿಕೆಯ ವಿಷಯವಾಗಿರಲಿಲ್ಲ. ಅದರ ಜೊತೆ ವಾದಿಸಿ ಗೆಲ್ಲುವ ದಾರಿ ನನಗೆ ಯಾರೂ ಕಲಿಸಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎದ್ದಾಗ ಕಿಬ್ಬೊಟ್ಟೆಯಲ್ಲಿ ಏನೋ ಮೆತ್ತಗೆ ಜಗ್ಗಿತು. ಅಜೀರ್ಣವೂ ಇರಬಹುದು. ಹಾಸಿಗೆಯ ಅಂಚಿನಲ್ಲಿ ಕೂತೆ. ಎದ್ದು ಬಚ್ಚಲಿಗೆ ಹೋಗಿ ನೋಡಲು ಧೈರ್ಯ ಬರಲಿಲ್ಲ. ನೋಡುವ ತನಕ ಎರಡೂ ಸಾಧ್ಯ, ನೋಡಿದರೆ ಒಂದೇ.

ಅಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. "ಆಯ್ತಾ?"

"ಗೊತ್ತಿಲ್ಲ."

"ನೋಡಿ ಬಾ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಇಲ್ಲ. ಚಿಲಕ ಹಾಕ್ಬೇಡ. ನಾನಿಲ್ಲೇ ಇರ್ತೇನೆ."

ಹೋದೆ. ಕಂದು ಬಣ್ಣದ ಸಣ್ಣ ಕಲೆ, ಕಾಫಿ ಹನಿಯಷ್ಟು. ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಹೆದರಿಕೆಯೇ ಮೊದಲು ಬಂತು. ಬಂದದ್ದು ಮತ್ತೆ ನಿಂತುಹೋಗಬಹುದಲ್ಲ. ಹೊರಗೆ ಬಂದು, "ಇದೆ. ಸ್ವಲ್ಪ," ಎಂದೆ.

ಅಮ್ಮ ನನ್ನ ಭುಜ ಒತ್ತಿ ಹಾಸಿಗೆಯ ಮೇಲೆ ಮಲಗಿಸಿದಳು. ನಾನು ಎದುರಾಡದೆ ಮಲಗಿದೆ.

"ನಾಳೆಯೂ ಉಂಟಾ ನೋಡುವ," ಎಂದಳು.